ಬೆದ್ರದಲ್ಲಿ ಕಂಡ ಚೀನಾ

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಉದ್ಯೋಗದ ನಿಮಿತ್ತ ಚೀನಾದ ನಾನ್‌ಜಿಂಗ್ ನಗರದಲ್ಲಿದ್ದಾನೆ. ಕಳೆದ ವರ್ಷ ಅವನಿಂದ ಒಂದು ಕಾಗದ ಬಂತು. "ಸಾರ್, ತರಗತಿಯಲ್ಲಿ ನೀವು ಹೇಳುತ್ತಿದ್ದ ಕೋಟೆಗೋಡೆಯ ಮೇಲೆ ನಾನೀಗ ಪ್ರತಿ ಭಾನುವಾರ ನಡೆದಾಡುತ್ತೇನೆ. ಒಮ್ಮೆ ಬಂದು ಹೋಗಿ. ಉಳಿಯಲು ನನ್ನ ಮನೆಯಿದೆ, ವಿಮಾನದ ಟಿಕೇಟು ಮಾತ್ರ ನಿಮ್ಮದು" ಎಂದು ಬರೆದಿದ್ದ.

ಮೂವತ್ತು ವರ್ಷ ಹಳ್ಳಿಯ ಶಾಲೆಗಳಲ್ಲಿ ಚರಿತ್ರೆ ಕಲಿಸಿದ ನನಗೆ ಆ ಕಾಗದ ಎಷ್ಟು ಹಿತವಾಯಿತೆಂದು ಬೇರೆ ಹೇಳಬೇಕಾಗಿಲ್ಲ. ಮಿಂಗ್ ವಂಶದ ಮೊದಲ ಚಕ್ರವರ್ತಿ 14ನೆಯ ಶತಮಾನದ ಉತ್ತರಾರ್ಧದಲ್ಲಿ ಕಟ್ಟಿಸಿದ ಗೋಡೆ ಅದು. ಮೂಲದಲ್ಲಿ ಅದರ ಸುತ್ತಳತೆ ಸುಮಾರು 35 ಕಿಲೋಮೀಟರು. ಇಂದು ಉಳಿದಿರುವುದು ಸುಮಾರು 25. ಅದರ ಇಟ್ಟಿಗೆಗಳ ಮೇಲೆ ಸುಟ್ಟವರ ಮತ್ತು ಹೊಣೆ ಹೊತ್ತ ಅಧಿಕಾರಿಗಳ ಹೆಸರುಗಳಿವೆ. ಇಟ್ಟಿಗೆ ಕಳಪೆಯಾದರೆ ಯಾರನ್ನು ಕೇಳಬೇಕೆಂಬುದು ಇಟ್ಟಿಗೆಯ ಮೇಲೆಯೇ ಬರೆದಿತ್ತು. ಇದನ್ನೆಲ್ಲ ನಾನು ನೋಡದೆಯೇ ಪಾಠ ಮಾಡಿದ್ದೆ.

ಅಂದು ರಾತ್ರಿ ಕಾಗದ ಪೆನ್ಸಿಲು ಹಿಡಿದು ಲೆಕ್ಕ ಹಾಕಿದೆ. ನಿವೃತ್ತಿ ವೇತನ ಒಂದು ಕಡೆ, ಮಳೆಗಾಲಕ್ಕೆ ಮುನ್ನ ಮಾಡಿನ ಹೆಂಚು ಬದಲಿಸುವ ಖರ್ಚು ಇನ್ನೊಂದು ಕಡೆ. ನಾನ್‌ಜಿಂಗ್ ಆ ಲೆಕ್ಕದೊಳಗೆ ಹಿಡಿಸಲಿಲ್ಲ. ಅದನ್ನು ನಾನೂ ನಿರೀಕ್ಷಿಸಿರಲಿಲ್ಲವೆನ್ನಿ. ಆದರೆ ಕಾಗದದ ಕೊನೆಯಲ್ಲಿ ಅವನು ಇನ್ನೊಂದು ಮಾತು ಸೇರಿಸಿದ್ದ: "ಬರಲಾಗದಿದ್ದರೆ ಬೆದ್ರಕ್ಕಾದರೂ ಹೋಗಿ, ಸಾರ್. ಅಲ್ಲಿಯ ಆ ಉದ್ದ ಕತ್ತಿನ ಪ್ರಾಣಿಯನ್ನು ಇನ್ನೊಮ್ಮೆ ನೋಡಿ ಬನ್ನಿ." ನಿದ್ದೆಗೆಡಿಸಿದ್ದು ಟಿಕೇಟಿನ ಬೆಲೆಯಲ್ಲ, ಈ ಮಾತು.

ಬೆದ್ರವೆಂದರೆ ನಮ್ಮ ಮೂಡುಬಿದಿರೆ. ತುಳುವಿನಲ್ಲಿ ಅದರ ಹೆಸರು ಅಷ್ಟೇ. ಶಾಲಾ ಪ್ರವಾಸವೆಂದರೆ ಆಗ ನಮಗೆ ಕಾರ್ಕಳ, ಮೂಡುಬಿದಿರೆ, ವೇಣೂರು. ಒಂದೇ ಹಗಲಿನಲ್ಲಿ ಮೂರೂ ಮುಗಿಯಬೇಕು. ಸಾವಿರ ಕಂಬದ ಬಸದಿಗೆ ಇಪ್ಪತ್ತು ನಿಮಿಷ. ಅದರಲ್ಲಿ ಹತ್ತು ನಿಮಿಷ ಮಕ್ಕಳ ತಲೆ ಎಣಿಸುವುದಕ್ಕೇ ಸಲ್ಲುತ್ತಿತ್ತು. ಅಂಥ ಒಂದು ಪ್ರವಾಸದಲ್ಲಿ ಈ ಹುಡುಗ ಮಂಟಪದ ಬುಡದಲ್ಲಿ ಕುಳಿತುಬಿಟ್ಟಿದ್ದ. "ಸಾರ್, ಇದು ಎಂತ ಪ್ರಾಣಿ? ಕುತ್ತಿಗೆ ಇಷ್ಟುದ್ದ!" ಎಂದು ಕೇಳಿದ. ನಾನು ಬಗ್ಗಿ ನೋಡಲೂ ಇಲ್ಲ. "ಒಂಟೆ ಮಾರಾಯ, ಬೇಗ ನಡಿ, ಬಸ್ಸು ಹೊರಡ್ತದೆ" ಎಂದೆ. ಅವನು ಅದನ್ನು ಮರೆತಿರಲಿಲ್ಲ.

ಹಾಗಾಗಿ ಒಂದು ಬೆಳಿಗ್ಗೆ, ಚೀಲದಲ್ಲಿ ನೀರು, ಬುತ್ತಿ, ಒಂದು ಟಾರ್ಚು ಇಟ್ಟುಕೊಂಡು ಮಂಗಳೂರಿನಲ್ಲಿ ಬಸ್ಸು ಹತ್ತಿದೆ. ಗುರುಪುರದ ಹೊಳೆ ದಾಟಿ, ಕೈಕಂಬ, ಎಡಪದವು, ಮಿಜಾರುಗಳನ್ನು ಹಾದು ಹೋಗುವ ದಾರಿ. ದೂರ ಸುಮಾರು 35 ಕಿಲೋಮೀಟರು. ನಾನ್‌ಜಿಂಗಿನ ಗೋಡೆಯ ಸುತ್ತಳತೆಯೂ ಅಷ್ಟೇ ಎಂಬುದು ದಾರಿಯಲ್ಲಿ ಹೊಳೆದು ಒಬ್ಬನೇ ನಕ್ಕೆ. ನಮ್ಮ ಅಗ್ಗದ ಪ್ರಯಾಣಿಕನಿಗೆ ಚೀನಾದ ಗೋಡೆಯಷ್ಟು ಉದ್ದದ ದಾರಿಯಾದರೂ ದಕ್ಕಿತಲ್ಲ!

ಮೂಡುಬಿದಿರೆ ಕಾಲ್ನಡಿಗೆಯ ಊರು. ಬಸ್ಸಿಳಿದ ಮೇಲೆ ವಾಹನಕ್ಕೆ ಕಾಸು ಕೊಡಬೇಕಾಗಿಲ್ಲ. ಹದಿನೆಂಟು ಬಸದಿಗಳ ಊರೆಂದು ಇದಕ್ಕೆ ಜೈನಕಾಶಿಯೆಂಬ ಹೆಸರಿದೆ. ಅವುಗಳಲ್ಲಿ ಹಲವು ಜೈನಪೇಟೆಯ ಆಸುಪಾಸಿನಲ್ಲೇ ಇವೆ. ಗುರುಬಸದಿಯಲ್ಲಿ ಪಾರ್ಶ್ವನಾಥ ಸ್ವಾಮಿ. ಧವಲಾ ಮೊದಲಾದ ಸಿದ್ಧಾಂತ ಗ್ರಂಥಗಳ ತಾಳೆಯೋಲೆಗಳನ್ನು ಶತಮಾನಗಳ ಕಾಲ ಕಾಪಾಡಿದ್ದು ಇದೇ ಊರು. ಭಾಷೆ ಪ್ರಾಕೃತ, ಸಂಸ್ಕೃತ, ಲಿಪಿ ಹಳಗನ್ನಡ. ಉತ್ತರದ ವಿದ್ವಾಂಸರು ಹೆಸರು ಮಾತ್ರ ಕೇಳಿದ್ದ ಆ ಗ್ರಂಥ ಇಲ್ಲಿಯ ಪ್ರತಿಗಳ ಆಧಾರದಿಂದ 1939ರಿಂದ ಮುಂದೆ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಅಚ್ಚಾಯಿತು. 'ಭರತೇಶ ವೈಭವ'ದ ರತ್ನಾಕರವರ್ಣಿಯೂ ಈ ಮಣ್ಣಿನವನೇ.

ಸಾವಿರ ಕಂಬದ ಬಸದಿ, ಎಂದರೆ ತ್ರಿಭುವನ ತಿಲಕ ಚೂಡಾಮಣಿ, ರೂಪುಗೊಂಡದ್ದು 1430ರ ಸುಮಾರಿಗೆ, ವಿಜಯನಗರದ ಇಮ್ಮಡಿ ದೇವರಾಯನ ಕಾಲದಲ್ಲಿ. ಮುಂದಿನ ಮಂಟಪಗಳು ಅದೇ ಶತಮಾನದಲ್ಲಿ ಅನಂತರ ಸೇರಿದವು. ಎದುರಿಗೆ ಏಕಶಿಲೆಯ ಮಾನಸ್ತಂಭ. ಅಂಗಳದಲ್ಲಿ ನಿಂತು ತಲೆಯೆತ್ತಿದರೆ ಒಂದರ ಮೇಲೊಂದು ಇಳಿಜಾರು ಮಾಡುಗಳು. ಬಂದವರಲ್ಲಿ ಅನೇಕರು "ಥೇಟ್ ಚೀನಾದ ಹಾಗೆ" ಎಂದು ಉದ್ಗರಿಸುತ್ತಾರೆ. 1876ರಲ್ಲಿ ವಾಸ್ತುಶಿಲ್ಪದ ಚರಿತ್ರೆ ಬರೆದ ಜೇಮ್ಸ್ ಫರ್ಗುಸನ್ನನಿಗೂ ಇವನ್ನು ಕಂಡು ನೇಪಾಳದ ನೆನಪಾಗಿತ್ತು. ನಾನೂ ಮಕ್ಕಳಿಗೆ ಹಾಗೆಯೇ ಹೇಳಿಕೊಂಡು ಬಂದಿದ್ದೆ.

ಆದರೆ ಅಂದು ಅವಸರವಿಲ್ಲದೆ ನೋಡುತ್ತ ಕುಳಿತಾಗ ನನಗೆ ಬೇರೆಯೇ ತೋರಿತು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಾಡು ಇದು. ನೀರು ಬೀಳುತ್ತಲೇ ಜಾರಿ ಹೋಗಬೇಕು, ಗೋಡೆಗೆ ಎರಚಲು ತಾಗಬಾರದು. ನನ್ನ ಮನೆಯ ಹೆಂಚಿನ ಮಾಡು ಇಳಿಜಾರಾಗಿರುವುದೂ, ಮುಂದಕ್ಕೆ ಚಾಚಿಕೊಂಡಿರುವುದೂ ಈ ಕಾರಣಕ್ಕೇ. ಕೆಳಗೆ ಕಲ್ಲು, ಮೇಲೆ ಮರ, ನೆತ್ತಿಯ ಮೇಲೆ ಮಳೆ: ಈ ಮೂರು ಕೂಡಿದರೆ ಇಂಥ ಮಾಡು ಎಲ್ಲಿಯಾದರೂ ಹುಟ್ಟೀತು. ಅದಕ್ಕೆ ಚೀನಾದಿಂದ ಯಾರೂ ಬಂದು ಕಲಿಸಬೇಕಾಗಿಲ್ಲ. ಎಲ್ಲರೂ ಚೀನಾವೆಂದು ಬೆರಳು ತೋರುವುದು ನಮ್ಮದೇ. ನಿಜವಾಗಿ ದೂರದಿಂದ ಬಂದದ್ದು ಕಾಲ ಬಳಿ ಇದೆ.

ಭೈರಾದೇವಿ ಮಂಟಪದ ಅಧಿಷ್ಠಾನದ ಮೇಲೆ ಆ ಉಬ್ಬುಚಿತ್ರಗಳಿವೆ. ಬೆಳಗಿನ ಓರೆ ಬಿಸಿಲು ಬೀಳುವಾಗ ಅವು ಎದ್ದು ಕಾಣುತ್ತವೆ. ನೆರಳಾದರೆ ಟಾರ್ಚನ್ನು ಪಕ್ಕದಿಂದ ಹಿಡಿಯಬೇಕು. ಮೊಣಕಾಲೂರಿ ನೋಡಿದೆ. ಅದು ಒಂಟೆಯಲ್ಲ. ಉದ್ದ ಕತ್ತಿನ ಜಿರಾಫೆ, ಆಫ್ರಿಕಾದ ಪ್ರಾಣಿ. ಇನ್ನೊಂದೆಡೆ ಮೈ ಹೊರಳಿಸಿದ ಒಂದು ಸರ್ಪಾಕಾರ, ಚೀನಾದವರ ಡ್ರ್ಯಾಗನ್.

ಇವು ಇಲ್ಲಿಗೆ ಹೇಗೆ ಬಂದವು? ಚೀನಾದ ವರ್ತಕರೇ ಬಸದಿಗೆ ಹಣ ಕೊಟ್ಟರೆಂಬ ಕಥೆ ಕೇಳಲು ಚೆನ್ನ. ನಂಬಲು ಎರಡು ಚಿತ್ರಗಳು ಸಾಲವು. ಕಾಲವನ್ನು ಮಾತ್ರ ಗಮನಿಸಿ. ಚೀನಾದ ನೌಕಾಧಿಪತಿ ಝೆಂಗ್ ಹೆ 1405ರಿಂದ 1433ರವರೆಗೆ ಏಳು ಬಾರಿ ಹಿಂದೂ ಮಹಾಸಾಗರವನ್ನು ಸುತ್ತಿದ. ಅವನ ಹಡಗುಗಳು ಸಿದ್ಧವಾದದ್ದು ನಾನ್‌ಜಿಂಗಿನ ಹಡಗುಕಟ್ಟೆಯಲ್ಲಿ. ಅವು ನಮ್ಮ ದಕ್ಷಿಣಕ್ಕಿರುವ ಕೋಳಿಕ್ಕೋಡಿಗೆ ಮತ್ತೆ ಮತ್ತೆ ಬಂದವು. 1414ರಲ್ಲಿ ಬಂಗಾಳದಿಂದ, ಮರುವರ್ಷ ಆಫ್ರಿಕಾದ ಮಲಿಂದಿಯಿಂದ ಚೀನಾದ ಚಕ್ರವರ್ತಿಗೆ ಜಿರಾಫೆಗಳು ಕಾಣಿಕೆಯಾಗಿ ಹೋದವು. ಅಲ್ಲಿಯವರು ಅದನ್ನು ತಮ್ಮ ಪುರಾಣದ ಮಂಗಳಮೃಗವೆಂದು ಸ್ವಾಗತಿಸಿದರು. ಇತ್ತ ಮಂಗಳೂರಿನಲ್ಲಿ 14ನೆಯ ಶತಮಾನದಲ್ಲೇ ಪಾರಸಿಕ ಮತ್ತು ಯೆಮೆನ್ ದೇಶದ ವರ್ತಕರನ್ನೂ, ಮೆಣಸು ಶುಂಠಿಗಳ ಸಮೃದ್ಧಿಯನ್ನೂ ಇಬ್ನ್ ಬತೂತ ಕಂಡಿದ್ದ. 1443ರಲ್ಲಿ ಅಬ್ದುರ್ ರಜಾಕ್ ಮಂಗಳೂರಿನ ಮಾರ್ಗವಾಗಿಯೇ ವಿಜಯನಗರಕ್ಕೆ ಹೋದ. ಹಂಪೆಯ ನೆಲದಲ್ಲಿ ಚೀನಾದ ಪಿಂಗಾಣಿಯ ಚೂರುಗಳು ದೊರೆತಿವೆ.

ಒಂದು ಪಿಂಗಾಣಿ ಬಟ್ಟಲೋ, ಒಂದು ರೇಷ್ಮೆಯ ತುಂಡೋ, ಒಬ್ಬ ನಾವಿಕನ ಬಾಯಿಮಾತೋ ಸಾಕಾಗಿತ್ತು ಆ ಶಿಲ್ಪಿಗೆ. ಅವನೂ ನನ್ನಂತೆಯೇ ಊರು ಬಿಟ್ಟು ಹೋದವನಲ್ಲವೆಂದು ನನ್ನ ಊಹೆ. ಆದರೆ ಅವನು ದೂರದಿಂದ ಬಂದದ್ದನ್ನು ನಿಂತು ನೋಡಿದ, ಕೇಳಿದ, ಆನೆ ಕುದುರೆಗಳ ಸಾಲಿನಲ್ಲಿ ಅದಕ್ಕೂ ಒಂದು ಜಾಗ ಕೊಟ್ಟ. ನಾನಾದರೋ ಹತ್ತಾರು ಸಲ ಎದುರು ನಿಂತೂ ನೋಡಿರಲಿಲ್ಲ. ಕೇಳಿದ ಹುಡುಗನ ಬಾಯಿಯನ್ನೂ ಮುಚ್ಚಿಸಿದ್ದೆ. ಚರಿತ್ರೆಯ ಮೇಷ್ಟ್ರಿಗೆ ಇದು ಸಣ್ಣ ತಪ್ಪಲ್ಲ.

ಮಧ್ಯಾಹ್ನ ಬುತ್ತಿ ಬಿಚ್ಚಿ ಉಂಡು ಚೌಟರ ಅರಮನೆಗೆ ನಡೆದೆ. ಒಂಬತ್ತು ಹೆಂಗಳೆಯರು ಸೇರಿ ಆನೆಯಾದ ನವನಾರೀಕುಂಜರ, ಐವರು ಸೇರಿ ಕುದುರೆಯಾದ ಪಂಚನಾರೀತುರಗ ಅಲ್ಲಿಯ ಮರದ ಕಂಬಗಳಲ್ಲಿವೆ. ಅದು ಒಂದು ಮನೆತನದ ಮನೆ. ಬಾಗಿಲಲ್ಲಿ ನಿಂತು ಕೇಳಿಯೇ ಒಳಗೆ ಹೋಗಬೇಕು. ಸಂಜೆ ಕೊಡಂಗಲ್ಲಿನ ಮುನಿಗಳ ನಿಷಧಿಗಳನ್ನು ನೋಡಿದೆ. ಮುರಕಲ್ಲಿನ ಅಂತಸ್ತುಗಳ ಮೇಲೆ ಹುಲ್ಲು ಬೆಳೆದಿತ್ತು. ನನ್ನ ಹೊರತು ಅಲ್ಲಿ ಯಾರೂ ಇರಲಿಲ್ಲ.

ಹಣ ಕಡಿಮೆಯಿದ್ದು ಹೊರಟವರಿಗೆ ನನ್ನದೊಂದು ಸಲಹೆ. ಒಂದು ದಿನಕ್ಕೆ ಒಂದೇ ಊರು ಇಟ್ಟುಕೊಳ್ಳಿ. ಕಾರ್ಕಳದ, ವೇಣೂರಿನ ಗೊಮ್ಮಟರು ಎಲ್ಲಿಗೂ ಹೋಗುವುದಿಲ್ಲ. ಒಂದು 1432ರಿಂದ, ಇನ್ನೊಂದು 1604ರಿಂದ ನಿಂತೇ ಇವೆ. ಮಕ್ಕಳನ್ನು ಕರೆದೊಯ್ದಿದ್ದರೆ, ಬಸ್ಸು ಹೊರಡುತ್ತದೆ ಎನ್ನಬೇಡಿ.

ಮನೆಗೆ ಬಂದು ನಾನ್‌ಜಿಂಗಿಗೆ ಕಾಗದ ಬರೆದೆ: "ಮಗೂ, ಅದು ಒಂಟೆಯಲ್ಲ. ಅಂದು ನಾನು ಬಗ್ಗಿ ನೋಡಿರಲಿಲ್ಲ. ನಿನ್ನ ಗೋಡೆಯ ಒಂದು ಇಟ್ಟಿಗೆಯ ಮೇಲಿನ ಹೆಸರನ್ನು ಓದಿಸಿ ನನಗೆ ಬರೆದು ಕಳಿಸು."