ವಿಕಲಚೇತನರ ನೌಕರಿ: ಕಂಪನಿಯ ಪಾಲು, ಊರಿನ ಪಾಲು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಈ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ವಿಜಯಪುರದಲ್ಲಿ ಬಿ.ಇ. ಓದಿ, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದೇನೆ. ನಿಮ್ಮ ಕೆಲಸದ ಬಗ್ಗೆ ಹೇಳಿ ಎಂದು ಗುರುಗಳು ಅಪ್ಪಣೆ ಕೊಟ್ಟಿದ್ದಾರೆ. ನನ್ನ ತಂಡದಲ್ಲಿ ಕಣ್ಣು ಕಾಣದ ಸಹೋದ್ಯೋಗಿ ಒಬ್ಬರಿದ್ದಾರೆ. ಅವರಿಂದ ಕಲಿತದ್ದನ್ನು ಹೇಳುತ್ತೇನೆ.

ಅವರು ಕಂಪ್ಯೂಟರನ್ನು ಕಿವಿಯಿಂದ ಓದುತ್ತಾರೆ. ಪರದೆಯ ಮೇಲಿನ ಅಕ್ಷರಗಳನ್ನು ಸ್ಕ್ರೀನ್ ರೀಡರ್ ಎಂಬ ತಂತ್ರಾಂಶ ಓದಿ ಹೇಳುತ್ತದೆ. 2006ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಅಂಧರು ಆರಂಭಿಸಿದ ಎನ್‌ವಿಡಿಎ ಅಂಥದ್ದು, ಪೂರ್ತಿ ಉಚಿತ. ಆದರೆ ನಾವು ಬಟನ್‌ಗೆ ಹೆಸರು ಕೊಡದೆ ಬರೀ ಚಿತ್ರ ಇಟ್ಟರೆ ಅದು "ಬಟನ್" ಎಂದಷ್ಟೇ ಹೇಳುತ್ತದೆ. ಹೆಸರು ಕೊಡಲು ಒಂದು ಸಾಲು ಬರೆದರೆ ಸಾಕು. ಆ ಸಾಲು ಬರೆಯದಿದ್ದರೆ ಬುದ್ಧಿವಂತ ಎಂಜಿನಿಯರ್ ಕೈಕಟ್ಟಿ ಕೂರಬೇಕಾಗುತ್ತದೆ.

ಈಗ ಕಾನೂನಿನ ಮಾತು. ವಿಕಲಚೇತನರ ಹಕ್ಕುಗಳ ಕಾಯ್ದೆ, 2016 ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. ಹಿಂದಿನ 1995ರ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯಗಳಿದ್ದವು, ಈಗ 21. ಶೇ. 40 ಅಥವಾ ಹೆಚ್ಚು ವೈಕಲ್ಯ ಇದ್ದವರಿಗೆ ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇ. 4 ಮೀಸಲು. ನಮ್ಮ ಜಿಲ್ಲೆಯ ಕೂಡಗಿಯಲ್ಲಿ 2400 ಮೆಗಾವಾಟ್ ಸ್ಥಾವರ ನಡೆಸುವ ಎನ್‌ಟಿಪಿಸಿಯಂಥ ಸರ್ಕಾರಿ ಕಂಪನಿಗೂ ಇದು ಅನ್ವಯ. ಖಾಸಗಿಯವರಿಗೆ ಮೀಸಲಾತಿ ಕಡ್ಡಾಯವಿಲ್ಲ. ಆದರೆ ಸಮಾನ ಅವಕಾಶದ ನೀತಿಯನ್ನು ಬರೆದು ಪ್ರಕಟಿಸಲೇಬೇಕು. 20 ಅಥವಾ ಹೆಚ್ಚು ನೌಕರರಿರುವಲ್ಲಿ ಇದನ್ನು ನೋಡಿಕೊಳ್ಳುವ ಒಬ್ಬ ಅಧಿಕಾರಿಯೂ ಇರಬೇಕು. ಸಂದರ್ಶನಕ್ಕೆ ಹೋಗುವ ಮಕ್ಕಳು ಆ ನೀತಿಯನ್ನು ಕೇಳಿ ಓದಲಿ.

ಇನ್ನೊಂದು ಮಾತನ್ನು ಟಿಕೋಟಾ, ಬಬಲೇಶ್ವರ ಭಾಗದ ಮನೆಗಳಲ್ಲಿ ಎಲ್ಲರೂ ತಿಳಿದಿರಬೇಕು. ಸಾರಿಗೆ ಸಂಸ್ಥೆಯ ಚಾಲಕರೊಬ್ಬರು ಸೇವೆಯಲ್ಲಿದ್ದಾಗ ಕಾಲು ಕಳೆದುಕೊಂಡರು ಎನ್ನಿ. ಅವರನ್ನು ಮನೆಗೆ ಕಳಿಸುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಅದೇ ವೇತನಶ್ರೇಣಿಯ ಬೇರೆ ಕೆಲಸ ಕೊಡಬೇಕು. ಅಂಥ ಹುದ್ದೆ ಖಾಲಿ ಇಲ್ಲದಿದ್ದರೆ, ಸಿಗುವ ತನಕ ಅಥವಾ ನಿವೃತ್ತಿಯ ತನಕ ಹೆಚ್ಚುವರಿ ಹುದ್ದೆಯಲ್ಲಿ ಇಟ್ಟುಕೊಳ್ಳಬೇಕು. 1995ರ ಕಾಯ್ದೆಯಲ್ಲೂ ಈ ರಕ್ಷಣೆ ಇತ್ತು. ಕಾಲು ಕಳೆದುಕೊಂಡ ಕಾನ್‌ಸ್ಟೆಬಲ್ ಕುನಾಲ್ ಸಿಂಗ್ ಅವರ ಪ್ರಕರಣದಲ್ಲಿ 2003ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಗೊತ್ತಿಲ್ಲದೆ ಸ್ವಯಂ ನಿವೃತ್ತಿಯ ಕಾಗದಕ್ಕೆ ಯಾರೂ ಸಹಿ ಹಾಕಬಾರದು.

ಆದರೆ ಕಂಪನಿಯ ಬಾಗಿಲು ತೆರೆದಿದ್ದರೂ ಅಲ್ಲಿಯವರೆಗೆ ಮಗು ಹೋಗಬೇಕಲ್ಲ? ಶಾಲೆಯ ಮೆಟ್ಟಿಲಲ್ಲೇ ನಿಂತ ಹುಡುಗಿ ಕೂಡಗಿಗೂ ಹೋಗುವುದಿಲ್ಲ, ಬೆಂಗಳೂರಿಗೂ ಬರುವುದಿಲ್ಲ. ಪಾಲಕರು ಮಕ್ಕಳಿಗೆ ಯುಡಿಐಡಿ ಕಾರ್ಡ್ ಮಾಡಿಸಲಿ. ಗುರುಗಳು ಪರೀಕ್ಷೆಯ ಬರಹಗಾರರು, ಹೆಚ್ಚುವರಿ ಸಮಯದ ಅರ್ಜಿಯನ್ನು ಮೊದಲೇ ಕಳಿಸಲಿ. ಒಣದ್ರಾಕ್ಷಿ ಘಟಕ ನಡೆಸುವ ಗೆಳೆಯರೇ, ಹಣ್ಣು ಆರಿಸುವ, ತೂಕ ಮಾಡುವ, ಲೆಕ್ಕ ಬರೆಯುವ ಕೆಲಸ ಕುಳಿತೇ ಆಗುತ್ತದೆ. ಕರೆದು ಕೊಡಿ, ಕೂಲಿ ಮಾತ್ರ ಕಡಿಮೆ ಮಾಡಬೇಡಿ.

ಮಹೋತ್ಸವದ ನೆನಪಿಗೆ ಕಮಾನು ಕಟ್ಟಿಸುವ ಮಾತು ನಡೆದಿದೆ. ಕಟ್ಟಿಸೋಣ. ಅದಕ್ಕೂ ಮೊದಲು ಒಂದು ಇಳಿಜಾರು ದಾರಿ ಆಗಲಿ. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು, ಅಷ್ಟೇ ಲೆಕ್ಕ. ಗಾಲಿಕುರ್ಚಿ ಒಳಹೋಗುವ ಶೌಚಾಲಯವೂ ಬೇಕು. ನನ್ನ ಪಾಲಿಗೆ, ಎನ್‌ವಿಡಿಎ ಹಾಕಿದ ಒಂದು ಕಂಪ್ಯೂಟರ್ ಕೊಡಿಸುತ್ತೇನೆ, ರಜೆಯಲ್ಲಿ ಬಂದು ಕಲಿಸುತ್ತೇನೆ.