ಒಂದು ದೊಡ್ಡ ಸಂಖ್ಯೆಯ ಒಳಗುಟ್ಟು

ಚದುರಂಗದ ಮಣೆಯ ಮೊದಲನೆಯ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ದ್ವಿಗುಣಿಸುತ್ತ ಹೋದರೆ ಅರಸನ ಕಣಜವೂ ಸಾಲದೆಂಬ ಕಥೆಯನ್ನು ನಾವೆಲ್ಲರೂ ಬಲ್ಲೆವು. ಆ ಮಣೆಗೆ ಇರುವುದು 64 ಮನೆಗಳು. ಇನ್ನು ಮೂರು ಮನೆಗಳನ್ನು ಸೇರಿಸಿಕೊಂಡೆವೆನ್ನೋಣ. ಆಗ ಕಾಳುಗಳ ಮೊತ್ತ 14,75,73,95,25,89,67,64,12,927. ಅರವತ್ತೇಳು ಎರಡುಗಳನ್ನು ಒಂದರಿಂದೊಂದು ಗುಣಿಸಿ, ಬಂದ ಲಬ್ಧದಲ್ಲಿ ಒಂದನ್ನು ಕಳೆದರೂ ಇದೇ ಬರುತ್ತದೆ. ಇಪ್ಪತ್ತೊಂದು ಅಂಕಗಳ ಈ ಸಂಖ್ಯೆಯ ವೃತ್ತಾಂತವೇ ಇಂದಿನ ನಮ್ಮ ವಿಷಯ.

ಒಂದರಿಂದಲೂ ತನ್ನಿಂದಲೂ ಹೊರತು ಬೇರಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದ ಸಂಖ್ಯೆಯನ್ನು ಅವಿಭಾಜ್ಯವೆನ್ನುತ್ತೇವೆ. ಫ್ರಾನ್ಸಿನ ಮರ್ಸೆನ್ ಎಂಬ ಕ್ರೈಸ್ತ ಸಂನ್ಯಾಸಿಯು 1644ರಲ್ಲಿ ಪ್ರಕಟಿಸಿದ ಪಟ್ಟಿಯೊಂದರಲ್ಲಿ ನಮ್ಮ ಸಂಖ್ಯೆಯನ್ನು ಅವಿಭಾಜ್ಯಗಳ ಪಂಕ್ತಿಯಲ್ಲಿ ಕೂರಿಸಿದನು. ಅದಕ್ಕೆ ಸಾಧನೆಯನ್ನು ಮಾತ್ರ ಕೊಡಲಿಲ್ಲ. ಇನ್ನೂರು ವರ್ಷಗಳಿಗೆ ಮೇಲ್ಪಟ್ಟು ಆ ಮಾತು ಹಾಗೆಯೇ ನಿಂತಿತು. 1876ರಲ್ಲಿ ಲ್ಯೂಕಾ ಎಂಬ ಫ್ರೆಂಚ್ ಗಣಿತಜ್ಞನು ಅದು ಸರಿಯಲ್ಲವೆಂದು ತೋರಿಸಿದನು. ವಿಚಿತ್ರವೆಂದರೆ, ಸಂಖ್ಯೆಯು ವಿಭಾಜ್ಯವೆಂದು ಸ್ಥಾಪಿಸಿದ ಆತನಿಗೆ ಅದರ ಭಾಜಕ ಒಂದಾದರೂ ಗೊತ್ತಿರಲಿಲ್ಲ. ಅವಿಭಾಜ್ಯವಾಗಿದ್ದರೆ ತೋರಬೇಕಾದ ಲಕ್ಷಣವೊಂದು ಶೇಷಗಳ ಲೆಕ್ಕದಲ್ಲಿ ತೋರಲಿಲ್ಲ, ಅಷ್ಟೆ. ಬಾಗಿಲ ಹೊರಗೆ ನಿಂತೇ ಒಳಗೆ ಜನರುಂಟೆಂದು ತಿಳಿದಂತೆ ಇದು, ಯಾರೆಂಬುದು ತಿಳಿಯದು. ಇಂತಹ ಅರಿವೂ ಪೂರ್ಣವಾದ ಅರಿವೇ ಎಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೂ ಮನಸ್ಸು ಒಳಗಿರುವವರ ಮುಖವನ್ನು ನೋಡಬಯಸುತ್ತದೆ.

ನೋಡುವ ಬಗೆ ಹೇಗೆ? ಈ ಸಂಖ್ಯೆಯ ಭಾಜಕವಾವುದೇ ಆಗಲಿ, 134ರಿಂದ ಭಾಗಿಸಿದಾಗ ಒಂದು ಉಳಿಯಲೇಬೇಕು. ಆದುದರಿಂದ 135, 269, 403 ಎಂಬ ಈ ಸಾಲನ್ನು ಬಿಟ್ಟು ಮಿಕ್ಕ ಸಂಖ್ಯೆಗಳನ್ನು ಮುಟ್ಟಬೇಕಾದುದಿಲ್ಲ. ಶ್ರಮವು ಬಹಳ ಉಳಿಯಿತೆಂದು ಹಿಗ್ಗುವಂತಿಲ್ಲ. ಫಲ ದೊರೆಯುವುದು ಸಾಲಿನ 14,45,580ನೆಯ ಮೆಟ್ಟಿಲಿನಲ್ಲಿ! ಅಮೆರಿಕದ ಕೋಲ್ ಎಂಬ ಪ್ರಾಧ್ಯಾಪಕರು ವರ್ಗಶೇಷಗಳ ವಿಚಾರದಿಂದ ಈ ಸಾಲನ್ನು ಇನ್ನೂ ಜರಡಿ ಹಿಡಿದರು. 1903ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಗಣಿತಜ್ಞರ ಸಭೆಯಲ್ಲಿ ಅವರು ತುಟಿ ಬಿಚ್ಚದೆ ಕರಿಯ ಹಲಗೆಯ ಒಂದು ಕಡೆ ಎರಡರ ಘಾತವನ್ನು ಬಿಡಿಸಿ ಒಂದನ್ನು ಕಳೆದು, ಇನ್ನೊಂದು ಕಡೆ 19,37,07,721ನ್ನು 7,61,83,82,57,287ರಿಂದ ಗುಣಿಸಿ ಕುಳಿತರೆಂದೂ, ಎರಡು ಲಬ್ಧಗಳೂ ಒಂದೇ ಆದುದನ್ನು ಕಂಡು ಸಭೆ ಚಪ್ಪಾಳೆ ತಟ್ಟಿತೆಂದೂ ಬೆಲ್ ಎಂಬ ಗ್ರಂಥಕರ್ತರು ಬರೆದಿದ್ದಾರೆ. ಕೆಲಸಕ್ಕೆ ಹಿಡಿದ ಕಾಲವೆಷ್ಟೆಂದು ಕೇಳಿದುದಕ್ಕೆ, ಮೂರು ವರ್ಷಗಳ ಭಾನುವಾರಗಳೆಂದು ಕೋಲರು ಉತ್ತರವಿತ್ತರಂತೆ. ಕಥೆಗೆ ಸ್ವಲ್ಪ ಬಣ್ಣ ಸೇರಿರಬಹುದು. ಗುಣಾಕಾರದಲ್ಲಿ ಮಾತ್ರ ಬಣ್ಣಕ್ಕೆ ಎಡೆಯಿಲ್ಲ. ಕೇಳುಗರು ಕಾಗದ ಹಿಡಿದು ಒಂದು ಗಂಟೆಯೊಳಗಾಗಿ ತಾವೇ ಪರೀಕ್ಷಿಸಬಹುದು.

ಗುಣಿಸಲು ಒಂದು ಗಂಟೆ, ಬಿಡಿಸಲು ಮೂರು ವರ್ಷ: ಈ ಅಂತರ ಬಹುಕಾಲ ಬರಿಯ ಕುತೂಹಲದ ವಸ್ತುವಾಗಿತ್ತು. 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಇದನ್ನೇ ಗೂಢಲಿಪಿಗೆ ಬೀಗವನ್ನಾಗಿ ಮಾಡಿದರು. ಕೋಲರ ಸಂಖ್ಯೆಯನ್ನು ಇಂದಿನ ಗಣಕಯಂತ್ರ ಕಣ್ಣುಮುಚ್ಚಿ ತೆರೆಯುವುದರೊಳಗೆ ಬಿಡಿಸುತ್ತದೆ. ಆದರೆ ನೂರಾರು ಅಂಕಗಳ ಎರಡು ಅವಿಭಾಜ್ಯಗಳನ್ನು ತಕ್ಕಂತೆ ಆರಿಸಿ ಗುಣಿಸಿ, ಲಬ್ಧವನ್ನು ಎಲ್ಲರೆದುರಿಗೆ ಇಟ್ಟರೆ, ಅದನ್ನು ಬಿಡಿಸುವುದಕ್ಕೆ ಆ ಯಂತ್ರದ ಬಳಿಯೂ ಸುಲಭೋಪಾಯವಿಲ್ಲ.