ಕೋಡಿಗೆ ಬಲೆ ಕಟ್ಟಿದವರು
(ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)



ಕೆರೆ ಅಂದರೆ ಏನು ಅಂತ ನಿಮಗೆ ಹೇಳಿಕೊಡೋ ಅಗತ್ಯವಿಲ್ಲ. ಏರಿ ಯಾವುದು, ತೂಬು ಯಾವುದು, ಕೋಡಿ ಯಾವುದು ಅಂತ ಹಳ್ಳಿಯಿಂದ ಬಂದ ಎಲ್ಲರಿಗೂ ಗೊತ್ತು. ಎಷ್ಟೋ ಊರುಗಳಲ್ಲಿ ತೂಬು ಎತ್ತಿ ಇಳಿಸುವ ನೀರುಗಂಟಿ ಕೆಲಸ ಮಾಡಿದವರು ನಮ್ಮ ತಾತ ಮುತ್ತಾತಂದಿರೇ. ಏರಿ ಬಿರುಕು ಬಿಟ್ಟರೆ ರಾತ್ರಿ ಮಳೆಯಲ್ಲಿ ಗುದ್ದಲಿ ಹಿಡಿದು ಹೋದವರೂ ಅವರೇ. ಆದ್ದರಿಂದ ಈ ಹೊತ್ತು ನಾವು ದೂರದ ಒಂದು ಕೆರೆಯ ಕತೆ ಹೇಳ್ತೀವಿ. ಅಮೆರಿಕದ ಕತೆಯಾದರೂ ನಮ್ಮ ಊರಿನ ಮಾತಲ್ಲೇ ಅದು ಚೆನ್ನಾಗಿ ಅರ್ಥವಾಗುತ್ತೆ.

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಜಾನ್ಸ್‌ಟೌನ್ ಅಂತ ಒಂದು ಊರು. ಕಬ್ಬಿಣ, ಉಕ್ಕಿನ ಕಾರ್ಖಾನೆ ಊರು. ಎರಡು ನದಿ ಕೂಡುವ ಕಣಿವೆಯ ತಳದಲ್ಲಿದೆ. 1889ರ ಹೊತ್ತಿಗೆ ಅಲ್ಲೂ ಅಕ್ಕಪಕ್ಕದ ಊರುಗಳಲ್ಲೂ ಸೇರಿ ಸುಮಾರು 30,000 ಜನ ಇದ್ದರು. ವೇಲ್ಸಿನಿಂದ, ಜರ್ಮನಿಯಿಂದ ಹೊಟ್ಟೆಪಾಡಿಗೆ ಬಂದು ಕುಲುಮೆ ಮುಂದೆ ಬೆವರು ಸುರಿಸುತ್ತಿದ್ದ ಕೂಲಿಕಾರರೇ ಹೆಚ್ಚು.

ಆ ಊರಿನಿಂದ 14 ಮೈಲಿ ಮೇಲೆ, ಬೆಟ್ಟದಲ್ಲಿ, ಒಂದು ಮಣ್ಣಿನ ಅಣೆಕಟ್ಟು ಇತ್ತು. ಸೌತ್ ಫೋರ್ಕ್ ಅಂತ ಅದರ ಹೆಸರು. ಎತ್ತರ 72 ಅಡಿ, ಉದ್ದ 931 ಅಡಿ. ಮೊದಲು ಇದು ಸರ್ಕಾರದ್ದೇ. ದೋಣಿ ಕಾಲುವೆಗೆ ನೀರು ಒದಗಿಸಲು 1838ರಲ್ಲಿ ಶುರು ಮಾಡಿ 1853ರಲ್ಲಿ ಮುಗಿಸಿದರು. ಅಷ್ಟರಲ್ಲಿ ರೈಲು ಬಂತು. ಕಾಲುವೆ ಬೇಡವಾಯಿತು, ಕೆರೆಯೂ ಬೇಡವಾಯಿತು. ಕೈಯಿಂದ ಕೈಗೆ ಮಾರಾಟವಾಯಿತು. 1875ರಲ್ಲಿ ಕೊಂಡವನು ಜಾನ್ ರೈಲಿ. ಆತ ಅಲ್ಲಿನ ಪಾರ್ಲಿಮೆಂಟಿನ ಸದಸ್ಯನೂ ಆಗಿದ್ದ. ಅವನು ಮಾಡಿದ್ದು ಏನು ಗೊತ್ತೆ? ಏರಿಯ ಬುಡದಲ್ಲಿದ್ದ ಎರಕದ ಕೊಳವೆಗಳನ್ನು ಕಿತ್ತು ಗುಜರಿಗೆ ಮಾರಿಬಿಟ್ಟ. ನಮ್ಮ ಮಾತಲ್ಲಿ ಹೇಳೋದಾದರೆ, ಕೆರೆಯ ತೂಬನ್ನೇ ಮಾರಿಕೊಂಡು ತಿಂದ.

1879ರಲ್ಲಿ ಈ ಕೆರೆ ಪಿಟ್ಸ್‌ಬರ್ಗ್‌ನ ಶ್ರೀಮಂತರ ಕ್ಲಬ್ಬಿನ ಪಾಲಾಯಿತು. ಮೀನು ಹಿಡಿಯುವ, ಬೇಟೆಯಾಡುವ ಕ್ಲಬ್ಬು. ಸದಸ್ಯರು ಅರವತ್ತು ಚಿಲ್ಲರೆ ಜನ. ಆಂಡ್ರ್ಯೂ ಕಾರ್ನೆಗಿ, ಹೆನ್ರಿ ಫ್ರಿಕ್, ಆಂಡ್ರ್ಯೂ ಮೆಲನ್ ಇವರೆಲ್ಲ ಅದರಲ್ಲಿದ್ದರು. ಉಕ್ಕು, ಕಲ್ಲಿದ್ದಲು, ಬ್ಯಾಂಕು ಎಲ್ಲ ಇವರ ಮುಷ್ಟಿಯಲ್ಲಿ. ಕೆರೆ ದಡದಲ್ಲಿ 47 ಕೋಣೆಯ ಕ್ಲಬ್ ಮನೆ, 16 ಬಂಗಲೆ, ನೀರ ಮೇಲೆ ಆವಿ ದೋಣಿ. ಬೇಸಿಗೆಯಲ್ಲಿ ಬಂದು ತಂಪು ಮಾಡಿಕೊಂಡು ಹೋಗೋದು.

ಮೋಜು ಮಾಡಲಿ ಬಿಡಿ, ನಮಗೇನು ಅಂತ ನೀವು ಕೇಳಬಹುದು. ಆದರೆ ಆ ಮೋಜಿಗಾಗಿ ಏರಿಗೆ ಏನೇನು ಮಾಡಿದರು ನೋಡಿ.

ಒಂದು, ಕಿತ್ತ ತೂಬನ್ನು ಮತ್ತೆ ಇಡಲಿಲ್ಲ. ತೂಬಿಲ್ಲದ ಕೆರೆಯಲ್ಲಿ ನೀರು ಇಳಿಸುವ ದಾರಿಯೇ ಇಲ್ಲ. ಮಳೆ ಬರುತ್ತೆ ಅಂತ ಗೊತ್ತಾದರೂ ಮುಂಚೆ ಖಾಲಿ ಮಾಡೋಕಾಗಲ್ಲ, ರಿಪೇರಿಗೆ ಒಣಗಿಸೋಕೂ ಆಗಲ್ಲ.

ಎರಡು, ಎರಡು ಕುದುರೆ ಗಾಡಿ ಎದುರುಬದುರು ಹೋಗಲಿ ಅಂತ ಏರಿಯ ನೆತ್ತಿಯನ್ನು ಕೆತ್ತಿ ಎರಡು ಮೂರು ಅಡಿ ತಗ್ಗಿಸಿ ಅಗಲ ಮಾಡಿದರು.

ಮೂರು, ಹಿಂದೆ 1862ರಲ್ಲಿ ಒಡೆದಿದ್ದ ಜಾಗಕ್ಕೆ ಮಣ್ಣು, ಕಲ್ಲು, ಮರದ ಕೊಂಬೆ, ಒಣಹುಲ್ಲು ತುಂಬಿ ಮುಚ್ಚಿದರು. ಅದು ಕುಸಿದು ಏರಿಯ ನಡುಭಾಗ ಎರಡು ತುದಿಗಿಂತ ತಗ್ಗಾಯಿತು. ನಡುಭಾಗವೇ ತಗ್ಗಾದರೆ ಉಕ್ಕಿದ ನೀರೆಲ್ಲ ಅಲ್ಲಿಗೇ ನುಗ್ಗುತ್ತೆ.

ನಾಲ್ಕು, ಕೋಡಿಗೆ ಕಬ್ಬಿಣದ ಜಾಲರಿ ಕಟ್ಟಿದರು. ಯಾತಕ್ಕೆ? ದುಡ್ಡು ಕೊಟ್ಟು ತಂದು ಬಿಟ್ಟ ಮೀನು ತಪ್ಪಿಸಿಕೊಂಡು ಕೆಳಗೆ ಹೋಗಬಾರದು ಅಂತ! ಮೀನು ನಿಲ್ಲಿಸುವ ಬಲೆ ಸೊಪ್ಪು ಸದೆ, ಮರದ ದಿಮ್ಮಿಯನ್ನೂ ನಿಲ್ಲಿಸುತ್ತೆ. ಕೋಡಿ ಕಟ್ಟಿಕೊಂಡರೆ ನೀರು ಏರಿ ಹತ್ತುತ್ತೆ. ಮಣ್ಣಿನ ಏರಿಗೆ ಅದೇ ಸಾವು.

ಸೈನ್ಸ್ ಓದುವ ಗೆಳೆಯರು ಇದನ್ನು ಬರೆದುಕೊಳ್ಳಿ. ಕಲ್ಲು ಗಾರೆಯ ಕಟ್ಟೆ ಮೇಲೆ ನೀರು ಹರಿದರೆ ಕೆಲವು ಸಲ ತಡೆದುಕೊಳ್ಳುತ್ತೆ. ಮಣ್ಣಿನ ಏರಿ ಹಾಗಲ್ಲ. ಮೇಲಿಂದ ಹರಿದ ನೀರು ಹಿಂದಿನ ಇಳಿಜಾರನ್ನು ಕೊರೆಯುತ್ತೆ, ಕೊರೆದ ಕಡೆ ಇನ್ನಷ್ಟು ನೀರು ನುಗ್ಗುತ್ತೆ, ಆಮೇಲೆ ದೇವರೂ ತಡೆಯಲಾರ. ಅದಕ್ಕೇ ಹಿಂದಿನವರು ಏರಿಗಿಂತ ಕೋಡಿಯನ್ನು ತಗ್ಗಿಗೆ ಇಟ್ಟದ್ದು.

ಇನ್ನೊಂದು ಮಾತು. ಮೋಜಿನ ಕೆರೆ, ಪ್ರವಾಹ ತಡೆಯುವ ಕೆರೆ ಎರಡೂ ಒಂದೇ ಅಂತ ಹೇಳುವವರಿದ್ದಾರೆ. ಖಾಸಗಿಯವರು ಹಳ್ಳಕ್ಕೆ ಅಡ್ಡ ಏರಿ ಹಾಕುವಾಗ ‘ಇದರಿಂದ ಕೆಳಗಿನವರಿಗೆ ನೆರೆ ತಪ್ಪುತ್ತೆ’ ಅಂತಾರೆ. ಯೋಚನೆ ಮಾಡಿ. ನೆರೆ ತಡೆಯಬೇಕಾದರೆ ಕೆರೆಯಲ್ಲಿ ಜಾಗ ಇರಬೇಕು, ಅಂದರೆ ಮಳೆಗೆ ಮುಂಚೆ ಅದು ಖಾಲಿ ಇರಬೇಕು. ದೋಣಿ ಬಿಡಬೇಕಾದರೆ, ಮೀನು ಸಾಕಬೇಕಾದರೆ ಅದು ತುಂಬಿರಬೇಕು. ತುಂಬಿದ ಕೊಡಕ್ಕೆ ಇನ್ನೊಂದು ಕೊಡ ಸುರಿದರೆ ಏನಾಗುತ್ತೆ? ಸೌತ್ ಫೋರ್ಕ್ ಕೆರೆ ಯಾವಾಗಲೂ ತುಂಬಿಯೇ ಇರುತ್ತಿತ್ತು.

ಕೆಳಗಿನವರಿಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಜಾನ್ಸ್‌ಟೌನಿನ ಕೇಂಬ್ರಿಯಾ ಕಬ್ಬಿಣ ಕಂಪನಿಯ ಮುಖ್ಯಸ್ಥ ಡೇನಿಯಲ್ ಮೊರೆಲ್ 1880ರಲ್ಲಿ ತನ್ನ ಎಂಜಿನಿಯರ್ ಜಾನ್ ಫುಲ್ಟನ್‌ನನ್ನು ಕಳಿಸಿದ. ತೂಬಿಲ್ಲ, ಏರಿಯಲ್ಲಿ ನೀರು ಜಿನುಗುತ್ತಿದೆ ಅಂತ ಫುಲ್ಟನ್ ವರದಿ ಕೊಟ್ಟ. ಸರಿಮಾಡಿಸಿ, ಖರ್ಚಿನಲ್ಲಿ ನಾವೂ ಪಾಲು ಕೊಡ್ತೀವಿ ಅಂತ ಮೊರೆಲ್ ಬರೆದ. ನಮ್ಮ ಕೆರೆಯಿಂದ ನಿಮಗೆ ಯಾವ ಅಪಾಯವೂ ಇಲ್ಲ ಅಂತ ಕ್ಲಬ್ಬಿನ ಬೆಂಜಮಿನ್ ರಫ್ ಉತ್ತರ ಕೊಟ್ಟ. ಅಲ್ಲಿಗೆ ಮುಗೀತು. ಆಮೇಲೆ ಮೊರೆಲ್ ತಾನೂ ಕ್ಲಬ್ಬಿನ ಸದಸ್ಯನಾದ. ಒಬ್ಬ ದೊಡ್ಡ ಮನುಷ್ಯ ಇನ್ನೊಬ್ಬ ದೊಡ್ಡ ಮನುಷ್ಯನಿಗೆ ಕಾಗದ ಬರೆದದ್ದಷ್ಟೆ. ಕುಲುಮೆ ಮುಂದೆ ನಿಂತವನನ್ನು ಯಾರೂ ಕೇಳಲಿಲ್ಲ. ಮೊರೆಲ್‌ನ ಕಂಪನಿಯೂ ಏನು ಕಮ್ಮಿಯಲ್ಲ. ಕಾರ್ಖಾನೆಯ ಕಿಟ್ಟ ಸುರಿದು ಸುರಿದು ನದಿಯನ್ನೇ ಇಕ್ಕಟ್ಟು ಮಾಡಿತ್ತು.

1889ರ ಮೇ 30ರ ರಾತ್ರಿಯಿಂದ ಜಡಿಮಳೆ. 31ರ ಬೆಳಿಗ್ಗೆ ಕೆರೆ ಏರಿಯ ನೆತ್ತಿಗೆ ಬಂತು. ಅಲ್ಲಿ ಚರಂಡಿ ಕೆಲಸಕ್ಕೆ ಬಂದಿದ್ದ ಇಟಲಿಯ ಕೂಲಿಗಳ ಕೈಗೆ ಗುದ್ದಲಿ ಕೊಟ್ಟು ಏರಿ ಎತ್ತರಿಸಲು ನೋಡಿದರು. ಇನ್ನೊಂದು ಕೋಡಿ ತೋಡಲು ನೋಡಿದರು. ಜಾಲರಿ ಕಿತ್ತುಹಾಕಲು ನೋಡಿದರು, ಅಷ್ಟರಲ್ಲಿ ಕಸ ಕಟ್ಟಿಕೊಂಡಿತ್ತು. ಕೆಳಗೆ ತಂತಿ ಸಂದೇಶ ಹೋಯಿತು. ‘ಏರಿ ಒಡೀತದೆ, ಒಡೀತದೆ’ ಅನ್ನೋ ಮಾತು ವರ್ಷಾ ವರ್ಷ ಕೇಳಿ ಕೇಳಿ ಜನಕ್ಕೆ ಸಾಕಾಗಿತ್ತು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮಧ್ಯಾಹ್ನ ಮೂರರ ಸುಮಾರಿಗೆ ಏರಿ ಒಡೆಯಿತು. ಸುಮಾರು 2 ಕೋಟಿ ಟನ್ ನೀರು. ಒಂದು ಗಂಟೆಯಲ್ಲಿ, 4 ಗಂಟೆ 7 ನಿಮಿಷಕ್ಕೆ, ಮನೆ ಮರ ರೈಲು ಎಂಜಿನ್ ಎಲ್ಲ ಹೊತ್ತುಕೊಂಡು ಜಾನ್ಸ್‌ಟೌನಿಗೆ ಬಂತು. ದಾರಿಯಲ್ಲಿದ್ದ ತಂತಿ ಕಾರ್ಖಾನೆಯ ಮುಳ್ಳುತಂತಿಯಲ್ಲಿ ಜನ ಸಿಕ್ಕಿಕೊಂಡರು. ಎಲ್ಲ ಹೋಗಿ ರೈಲ್ವೆ ಕಲ್ಲು ಸೇತುವೆಗೆ ಅಡ್ಡವಾಯಿತು, ಆ ರಾಶಿಗೆ ಬೆಂಕಿ ಹತ್ತಿತು. ಸತ್ತವರು 2,209. ಅದರಲ್ಲಿ 396 ಮಕ್ಕಳು. 99 ಸಂಸಾರ ಪೂರ್ತಿ ಅಳಿದವು. ಗುರುತು ಸಿಗದೆ ಮಣ್ಣಾದವರು 750ಕ್ಕೂ ಹೆಚ್ಚು.

ಶಿಕ್ಷೆ ಯಾರಿಗೆ? ಯಾರಿಗೂ ಇಲ್ಲ. ಕೋರ್ಟಿಗೆ ಹೋದವರಿಗೆ ಕ್ಲಬ್ಬಿನಿಂದ ಬಿಡಿಗಾಸು ಸಿಗಲಿಲ್ಲ. ದೈವಾಧೀನ ಅಂದರು. ಕ್ಲಬ್ಬಿನ ಪರ ನಿಂತ ವಕೀಲರ ಪೈಕಿ ಫಿಲಾಂಡರ್ ನಾಕ್ಸ್ ಸ್ವತಃ ಕ್ಲಬ್ಬಿನ ಸದಸ್ಯ, ಆಮೇಲೆ ದೇಶದ ಅಟಾರ್ನಿ ಜನರಲ್ ಆದವನು. ಕ್ಲಬ್ಬಿನವರು ಸಾವಿರ ಕಂಬಳಿ ಕಳಿಸಿದರು. ಕಾರ್ನೆಗಿ ಊರಿಗೆ ಲೈಬ್ರರಿ ಕಟ್ಟಿಸಿಕೊಟ್ಟ. ಅಮೆರಿಕದ ಎಂಜಿನಿಯರುಗಳ ಸಂಘ ತನಿಖೆ ಮಾಡಿ, ವರದಿಯನ್ನು ಮುಚ್ಚಿಟ್ಟು 1891ರಲ್ಲಿ ಹೊರಗೆ ಬಿಟ್ಟಿತು. ಏರಿ ತಗ್ಗಿಸದಿದ್ದರೂ ಅದು ಒಡೆಯುತ್ತಲೇ ಇತ್ತು ಅಂತ ಅದರ ತೀರ್ಮಾನ. 2016ರಲ್ಲಿ ಭೂವಿಜ್ಞಾನಿಗಳು ಮತ್ತೆ ಲೆಕ್ಕ ಹಾಕಿ, ಏರಿ ತಗ್ಗಿಸಿದ್ದರಿಂದಲೇ ನೀರು ಸುರಕ್ಷಿತವಾಗಿ ಹೊರಹೋಗುವ ಶಕ್ತಿ ಬಹುಪಾಲು ಕುಗ್ಗಿತು ಅಂತ ತೋರಿಸಿದರು. ಲೆಕ್ಕ ಸರಿಯಾಗೋಕೆ 127 ವರ್ಷ ಬೇಕಾಯಿತು!

ಇದು ಹಳೇ ಕತೆ ಅನ್ನಬೇಡಿ. 2018ರ ಮೇ 9ರಂದು ಕೀನ್ಯಾ ದೇಶದ ಸೋಲೈ ಎಂಬಲ್ಲಿ ಖಾಸಗಿ ಎಸ್ಟೇಟಿನ ಮಣ್ಣಿನ ಕಟ್ಟೆ ರಾತ್ರಿ ಒಡೆದು, ಕೆಳಗಿದ್ದ 40ಕ್ಕೂ ಹೆಚ್ಚು ಜನ ಸತ್ತರು.

ನಮ್ಮ ದೇಶದ ಕಾನೂನು ಏನು ಹೇಳುತ್ತೆ? ಕಾರ್ವೇಟಿನಗರದ ಜಮೀನ್ದಾರನ ಕೆರೆಗಳು ಒಡೆದು ಮದ್ರಾಸ್ ರೈಲ್ವೆಗೆ ನಷ್ಟವಾದ ಮೊಕದ್ದಮೆ ಲಂಡನ್ನಿನ ಪ್ರಿವಿ ಕೌನ್ಸಿಲ್ಲಿಗೆ ಹೋಯಿತು. ಕೆರೆ ಈ ನಾಡಿನ ಬೇಸಾಯಕ್ಕೆ ಬೇಕೇ ಬೇಕು, ಅದನ್ನು ಕಾಪಾಡುವುದು ಜಮೀನ್ದಾರನ ಕರ್ತವ್ಯ, ಅಜಾಗರೂಕತೆ ಇಲ್ಲದಿದ್ದರೆ ಅವನು ಹೊಣೆಯಲ್ಲ ಅಂತ 1874ರಲ್ಲಿ ತೀರ್ಪಾಯಿತು. ಜನರ ಅನ್ನಕ್ಕೆ ಇರುವ ಕೆರೆಗೆ ಹೇಳಿದ ಮಾತು ಅದು, ಮೋಜಿನ ಕೆರೆಗಲ್ಲ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 15 ಮೀಟರಿಗಿಂತ ಎತ್ತರದ ಕಟ್ಟೆಗಳಿಗೆ ಅನ್ವಯವಾಗುತ್ತೆ. 10ರಿಂದ 15 ಮೀಟರಿನವು ಕೆಲವು ಷರತ್ತಿನ ಮೇಲೆ ಒಳಗೆ ಬರುತ್ತವೆ. ಅದಕ್ಕಿಂತ ಚಿಕ್ಕವು ಈ ಕಾಯ್ದೆಯ ಹೊರಗೆ. ಆದರೆ ಗುಡಿಸಲು ಕೊಚ್ಚಿಕೊಂಡು ಹೋಗೋಕೆ 15 ಮೀಟರ್ ಬೇಕೆ? ಬೇಕಿಲ್ಲ.

ನಮ್ಮ ಕೇರಿಗಳು ಎಷ್ಟೋ ಕಡೆ ಊರಿನ ತಗ್ಗಿನಲ್ಲೇ ಇವೆ. ತಗ್ಗಿನ ಜಾಗ ನಾವು ಆರಿಸಿಕೊಂಡದ್ದಲ್ಲ. ಅದಕ್ಕೇ ಈ ವಿದ್ಯೆ ನಮಗೆ ಬೇಕು. ರಜೆಗೆ ಊರಿಗೆ ಹೋದಾಗ ಹಳ್ಳದ ಮೇಲ್ಗಡೆ ಒಮ್ಮೆ ನಡೆದು ನೋಡಿ. ಯಾರಾದರೂ ಹೊಸ ಏರಿ ಹಾಕಿದ್ದರೆ ನಾಲ್ಕು ಪ್ರಶ್ನೆ ಕೇಳಿ. ತೂಬು ಎಲ್ಲಿದೆ? ಕೋಡಿ ಎಷ್ಟು ಅಗಲ, ಅದಕ್ಕೆ ಅಡ್ಡ ಏನಿದೆ? ಏರಿಯ ನಡುಭಾಗ ಕುಸಿದಿದೆಯೆ, ಬುಡದಲ್ಲಿ ಕೆಂಪು ನೀರು ಜಿನುಗುತ್ತಿದೆಯೆ? ಒಡೆದರೆ ನೀರು ಯಾರ ಮನೆಗೆ ಹೋಗುತ್ತೆ? ತಿಳಿನೀರು ಜಿನುಗಿದರೆ ಕಣ್ಣಿಡಬೇಕು. ಕೆಂಪು ನೀರು ಬಂದರೆ ಏರಿಯ ಮಣ್ಣೇ ಕರಗಿ ಬರ್ತಿದೆ ಅಂತ ಅರ್ಥ. ಉತ್ತರವನ್ನು ಬಾಯಲ್ಲಿ ಕೇಳಿ ಬಿಡಬೇಡಿ. ಪಂಚಾಯ್ತಿಗೆ, ತಹಶೀಲ್ದಾರರಿಗೆ ಅರ್ಜಿ ಬರೆದು ಕೊಟ್ಟು, ಸ್ವೀಕೃತಿ ಪಡೆದು ಇಟ್ಟುಕೊಳ್ಳಿ. ಕೇರಿಯ ಹತ್ತು ಜನರ ಸಹಿ ಇರಲಿ, ಸಹಿ ಬಾರದವರ ಹೆಬ್ಬೆಟ್ಟೂ ಇರಲಿ.

ಜಾನ್ಸ್‌ಟೌನಿನಲ್ಲಿ ಕಾಗದ ಬರೆದವರು ಇಬ್ಬರೇ ಸಾಹುಕಾರರು. ನಮ್ಮಲ್ಲಿ ಆ ಕಾಗದವನ್ನು ಕೆಳಗಿರುವವರೇ ಬರೆಯಬೇಕು, ಮಳೆಗಾಲಕ್ಕೆ ಮುಂಚೆಯೇ ಬರೆಯಬೇಕು.